ಮಜ್ಜಿಗೆ ಮೆಣಸಿನಕಾಯಿಗೆ ಬೂಷ್ಟು ಬಂತು: ಮಧ್ಯಾಹ್ನದ ಮಳೆ ನಡುವೆ ಒಣಗಿಸೋದು ಹೇಗೆ?

ಕುಂಡದತೋಟ
ಎಲ್ಲರಿಗೂ ನಮಸ್ಕಾರ. ಮನೆ ಬನಶಂಕರಿಯಲ್ಲಿ. ತಾರಸಿ ಕುಂಡಗಳಿಂದ 1 ಕೆ.ಜಿ. ಹಸಿಮೆಣಸಿನಕಾಯಿ ಸಿಕ್ಕಿತ್ತು. ಸೀಳಿ, ಹುಳಿ ಮಜ್ಜಿಗೆಗೆ ಒಂದು ಹಿಡಿ ಪುಡಿ ಉಪ್ಪು ಹಾಕಿ ನೆನೆಸಿ, ಎರಡು ದಿನ ಬಿಸಿಲಿಗಿಟ್ಟೆ. ಮೂರನೇ ದಿನ ಮಧ್ಯಾಹ್ನ ಮಳೆ ಬಂತು, ಪ್ಲಾಸ್ಟಿಕ್ ಹಾಳೆ ಮುಚ್ಚಿದೆ. ಬೆಳಗ್ಗೆ ನೋಡಿದರೆ ತೊಟ್ಟಿನ ಹತ್ತಿರ ಲೋಳೆ, ಸೀಳಿನೊಳಗೆ ಕಪ್ಪು ಬೂಷ್ಟು. ತೊಳೆದು ಮತ್ತೆ ಒಣಗಿಸಬಹುದಾ? ಇನ್ನೊಂದು ವಾರಕ್ಕೆ ಮುಂದಿನ ಕೊಯ್ಲಿದೆ. ಜೊತೆಗೆ ಗಾಳಿಗೆ ಉದುರಿದ ಮಾವಿನಕಾಯಿ 3 ಕೆ.ಜಿ., ಟೊಮ್ಯಾಟೊ 4 ಕೆ.ಜಿ. ಮನೆಯಲ್ಲಿದೆ. ಟೊಮ್ಯಾಟೊ ಕುದಿಸಿ ಬಾಟಲಿಗೆ ತುಂಬಿಡೋಣ ಅಂತಿದ್ದೀನಿ.

ಎಳೆಬಿಸಿಲು
ತೊಳೆಯಬೇಡಿ, ದಯವಿಟ್ಟು ಎಸೆದುಬಿಡಿ. ಒಣಮೆಣಸಿನಕಾಯಿಗೆ ಹಿಡಿಯುವ ಕೆಲವು ಬೂಷ್ಟು ಅಫ್ಲಾಟಾಕ್ಸಿನ್ ಅನ್ನೋ ವಿಷ ಬಿಡುತ್ತೆ. ಅದು ತೊಳೆದರೂ ಹೋಗಲ್ಲ, ಎಣ್ಣೆಯಲ್ಲಿ ಕರಿದರೂ ಪೂರ್ತಿ ಹೋಗುತ್ತೆ ಅಂತ ನಂಬೋ ಹಾಗಿಲ್ಲ.

ತಪ್ಪಾಗಿದ್ದು ಎರಡು ಕಡೆ. ಮೊದಲನೆಯದು ಉಪ್ಪು. ಹಿಡಿ ಲೆಕ್ಕ, ಲೋಟದ ಲೆಕ್ಕ ಎರಡೂ ಬೇಡ. ಒಂದೇ ಲೋಟದಲ್ಲಿ ಪುಡಿ ಉಪ್ಪು ಒಂದು ತೂಕ, ಕಲ್ಲುಪ್ಪು ಇನ್ನೊಂದು ತೂಕ ಬರುತ್ತೆ. 1 ಕೆ.ಜಿ. ಕಾಯಿಗೆ 100 ಗ್ರಾಂ ಕಲ್ಲುಪ್ಪು ತಕ್ಕಡಿಯಲ್ಲೇ ತೂಗಿ. ಎರಡನೆಯದು ಪ್ಲಾಸ್ಟಿಕ್. ಒದ್ದೆ ಕಾಯಿಯ ಆವಿ ಹಾಳೆಯ ಕೆಳಗೆ ಬೆವರಾಗಿ ವಾಪಸ್ ಕಾಯಿ ಮೇಲೇ ತೊಟ್ಟಿಕ್ಕುತ್ತೆ. ಒಂದೇ ರಾತ್ರಿ ಸಾಕು.

ಮುಂದಿನ ಕೊಯ್ಲಿಗೆ ಹೀಗೆ ಮಾಡಿ. ದಪ್ಪ ಸಿಪ್ಪೆಯ, ಖಾರ ಕಡಿಮೆ ಇರೋ ಕಾಯಿ ಆರಿಸಿ. ತೊಟ್ಟು ಕೀಳಬೇಡಿ. ತೊಳೆದು, ಪಂಚೆ ಮೇಲೆ ಹರಡಿ, ಮೈ ಪೂರ್ತಿ ಆರಿದ ಮೇಲೇ ಸೀಳಿ. ಸೀಳು ನಡುವಲ್ಲಿ ಒಂದಿಂಚು ಇದ್ದರೆ ಸಾಕು, ಆಚೆಬದಿಗೆ ಹಾಯಬಾರದು. ಅರ್ಧ ಲೀಟರ್ ಹುಳಿ ಮೊಸರಿಗೆ ಒಂದು ಲೋಟ ನೀರು ಹಾಕಿ ಕಡೆದು, ಉಪ್ಪು, ಇಂಗು, ಒಂದು ಚಮಚ ಮೆಂತ್ಯದ ಪುಡಿ ಕಲಸಿ. ಕಾಯಿ ಒಂದು ಇಡೀ ದಿನ ಮುಳುಗಿರಲಿ. ಆಮೇಲೆ ಬೆಳಗ್ಗೆ ಕಾಯಿಯನ್ನು ಮಜ್ಜಿಗೆಯಿಂದ ತೆಗೆದು ಬಿಸಿಲಿಗೆ, ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಮೂರು ನಾಲ್ಕು ದಿನದಲ್ಲಿ ಮಜ್ಜಿಗೆಯೆಲ್ಲ ಕಾಯಿ ಕುಡಿದಿರುತ್ತೆ. ನಂತರ ನಾಲ್ಕೈದು ದಿನ ಬರೀ ಬಿಸಿಲು. ಸಂಜೆ ಮಂಜು ಬೀಳೋ ಮೊದಲು ಒಳಗೆ ತನ್ನಿ.

ಮಳೆ ಬಂದರೆ? ಮಜ್ಜಿಗೆಯಲ್ಲಿ ನೆನೆಯೋ ಹಂತದಲ್ಲಿದ್ದರೆ ಪಾತ್ರೆ ಸಮೇತ ಫ್ರಿಜ್ಜಿಗಿಡಿ, ಎರಡು ಮೂರು ದಿನ ಏನೂ ಆಗಲ್ಲ. ಅರ್ಧ ಒಣಗಿದ್ದರೆ ಮೊರದಲ್ಲಿ ಒಂದೇ ಪದರ ಹರಡಿ ಫ್ಯಾನ್ ಕೆಳಗಿಡಿ. ಓವನ್ ಇದ್ದರೆ 60 ಡಿಗ್ರಿಯಲ್ಲಿ, ಬಾಗಿಲು ಒಂದು ಬೆರಳು ತೆರೆದು.

ಮೈ ಬೆಳ್ಳಗಾಯಿತು ಅಂದ ಮಾತ್ರಕ್ಕೆ ಒಣಗಿದೆ ಅಂತಲ್ಲ. ಒಂದು ಕಾಯಿ ಕಿವಿ ಹತ್ತಿರ ಅಲ್ಲಾಡಿಸಿ, ಬೀಜ ಗಿಲಗಿಲ ಅನ್ನಬೇಕು. ತೊಟ್ಟಿನ ಬುಡದಲ್ಲಿ ಮುರಿದರೆ ಪಟ್ ಅನ್ನಬೇಕು, ಬಾಗಬಾರದು. ಕಡೆಗೆ ಒಣಗೋದು ಅದೇ ಜಾಗ. 1 ಕೆ.ಜಿ. ಕಾಯಿ ಕೊನೆಗೆ ಕಾಲು ಕೆ.ಜಿ. ಆಸುಪಾಸಿಗೆ ಇಳಿಯುತ್ತೆ. ಎರಡು ದಿನ ಒಂದೇ ತೂಕ ತೋರಿಸಿದರೆ ಡಬ್ಬಿಗೆ ತುಂಬಿ.

ಉಪ್ಪಿನಜಾಡಿ
ಮಾವಿನಕಾಯಿ ಬಗ್ಗೆ ನಾನು ಹೇಳ್ತೀನಿ. ಉದುರಿದ ಕಾಯಿಯನ್ನು ಇಡಿಯಾಗಿ ಉಪ್ಪಿಗೆ ಹಾಕಲೇಬೇಡಿ. ಬಿದ್ದ ಏಟಿಗೆ ಒಳಗೆ ಕಂದಿರುತ್ತೆ, ಅಲ್ಲಿಂದ ಮೆತ್ತಗಾಗ್ತಾ ಇಡೀ ಜಾಡಿ ಕೆಡುತ್ತೆ. ತೊಕ್ಕಿಗೆ ಮಾತ್ರ ಇದು ಹೇಳಿ ಮಾಡಿಸಿದ ಹಾಗಿದೆ. ಕಂದಿದ ಭಾಗ ಧಾರಾಳವಾಗಿ ಕತ್ತರಿಸಿ ಬಿಸಾಕಿ, ಉಳಿದಿದ್ದನ್ನು ತುರಿಯಿರಿ.

1 ಕೆ.ಜಿ. ತುರಿಗೆ 120 ಗ್ರಾಂ ಉಪ್ಪು, 80 ಗ್ರಾಂ ಅಚ್ಚಖಾರದ ಪುಡಿ, ಒಂದು ಚಮಚ ಅರಿಶಿನ, ಹುರಿದು ಪುಡಿ ಮಾಡಿದ ಮೆಂತ್ಯ ಎರಡು ಚಮಚ, ಎಳ್ಳೆಣ್ಣೆ 250 ಮಿ.ಲೀ. ಎಣ್ಣೆಗೆ ಸಾಸಿವೆ, ಇಂಗು ಹಾಕಿ, ಸಿಡಿದ ಮೇಲೆ ತುರಿ, ಉಪ್ಪು, ಅರಿಶಿನ. ಸಣ್ಣ ಉರಿಯಲ್ಲಿ ನೀರು ಆರಿ, ಎಣ್ಣೆ ಬಾಣಲೆ ಅಂಚಿಗೆ ಬಿಡೋವರೆಗೂ ಮಗುಚಿ. ಖಾರದ ಪುಡಿ, ಮೆಂತ್ಯ ಒಲೆ ಆರಿಸಿದ ಮೇಲೆ. ಮೊದಲೇ ಹಾಕಿದರೆ ಖಾರ ಸೀದು ತೊಕ್ಕು ಕಪ್ಪಗಾಗುತ್ತೆ, ಮೆಂತ್ಯ ಕಹಿ ಬಿಡುತ್ತೆ. ಪೂರ್ತಿ ಆರಿಸಿ ತುಂಬಿ, ಮೇಲೆ ಎಣ್ಣೆ ನಿಲ್ಲಬೇಕು. ಒದ್ದೆ ಚಮಚ ಒಂದು ಸಲ ಹಾಕಿದರೂ ಅಲ್ಲಿಂದಲೇ ಕೆಡೋಕೆ ಶುರು.

ನಿಂಬೆಉಪ್ಪು
ಟೊಮ್ಯಾಟೊ ವಿಷಯದಲ್ಲಿ ಸ್ವಲ್ಪ ಎಚ್ಚರ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮೇಲಿದೆ, ಇಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತೆ. ಮಳಮಳ ಕುದೀತಾ ಇದೆ ಅಂದ ಮಾತ್ರಕ್ಕೆ 100 ಡಿಗ್ರಿ ಬಂತು ಅಂತಲ್ಲ. ಅದಲ್ಲದೆ ಟೊಮ್ಯಾಟೊದ ಹುಳಿ ಗಡಿ ಅಂಚಿನಲ್ಲೇ ಇರುತ್ತೆ. ಪಿ.ಎಚ್. (ಹುಳಿಯ ಅಳತೆ, ಹುಳಿ ಕಡಿಮೆಯಾದಷ್ಟೂ ಈ ಅಂಕಿ ಏರುತ್ತೆ) 4.6 ದಾಟಿದರೆ ಗಾಳಿಯಿಲ್ಲದ ಬಾಟಲಿಯಲ್ಲಿ ಬಾಟ್ಯುಲಿಸಮ್ ವಿಷ ಬೆಳೆಯಬಹುದು, ವಾಸನೆಯಿಂದ ಗೊತ್ತಾಗುತ್ತೆ ಅಂತ ಹೇಳೋಕಾಗಲ್ಲ. ಹಾಗಾಗಿ ಅರ್ಧ ಲೀಟರ್ ಬಾಟಲಿಗೆ ಕಾಲು ಟೀ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಲೇಬೇಕು. ಮುಚ್ಚಳದ ಮೇಲೆ ಒಂದಿಂಚು ನೀರು ನಿಲ್ಲೋ ಹಾಗೆ ಮುಳುಗಿಸಿ 45 ನಿಮಿಷ ಕುದಿಸಬೇಕು. ಹಳೇ ಜಾಮ್ ಬಾಟಲಿಯ ಮುಚ್ಚಳ ಎರಡನೇ ಸಲ ಗಾಳಿ ತಡೆಯುತ್ತೆ ಅನ್ನೋ ಖಾತ್ರಿಯಿಲ್ಲ.

ಇಷ್ಟೆಲ್ಲ ಸಲಕರಣೆ ಇಲ್ಲದಿದ್ದರೆ ಬಾಟಲಿ ಆಸೆ ಬಿಡಿ. ಬೇಯಿಸಿ, ಸೋಸಿ, ಅರ್ಧಕ್ಕೆ ಬತ್ತಿಸಿ ಫ್ರೀಜರಿಗೆ ಹಾಕಿ. 4 ಕೆ.ಜಿ.ಗೆ ಜಾಗ ಜಾಸ್ತಿ ಏನೂ ಬೇಡ.

ಕುಂಡದತೋಟ
ಮೆಣಸಿನಕಾಯಿ ಎಸೆದೆ. ಟೊಮ್ಯಾಟೊ ಫ್ರೀಜರಿಗೇ ಹಾಕ್ತೀನಿ. ಗೋರಿಕಾಯೂ ಸುಮಾರು ಬಿಟ್ಟಿದೆ, ಅದನ್ನೂ ನಿಂಬೆ ಉಪ್ಪು ಹಾಕಿ ಬಾಟಲಿಯಲ್ಲಿ ಇಡಬಹುದಾ?

ನಿಂಬೆಉಪ್ಪು
ಬೇಡವೇ ಬೇಡ. ಅದರಲ್ಲಿ ಹುಳಿಯೇ ಇಲ್ಲ, ಚಿಟಿಕೆ ನಿಂಬೆ ಉಪ್ಪು ಸಾಲಲ್ಲ.

ಎಳೆಬಿಸಿಲು
ಗೋರಿಕಾಯಿ ಬಾಳಕ ಮಾಡಿ. ಎಳೆ ಕಾಯಿ ನಾರು ತೆಗೆದು, ಕುದಿಯೋ ಉಪ್ಪುನೀರಲ್ಲಿ ಎರಡು ನಿಮಿಷ ಬಿಟ್ಟು ಬಸಿಯಿರಿ. ಆಮೇಲೆ ಮೆಣಸಿನಕಾಯಿ ಥರಾನೇ ಮಜ್ಜಿಗೆ, ಬಿಸಿಲು. ಬೇರೆ ಪಾತ್ರೆಯಲ್ಲಿ ನೆನೆಸಿ, ಇಲ್ಲಾಂದ್ರೆ ಖಾರ ಹತ್ತಿ ಮಕ್ಕಳು ತಿನ್ನಲ್ಲ.