ಟೇಕ್‌ಡೌನ್ ಬಿಲ್ಲಿಗೇ ಕೂರುವ ಬತ್ತಳಿಕೆ: ಬೋಲ್ಟಿನದು ಒಳ್ಳೆಯದೋ, ಪಟ್ಟಿಯದು ಒಳ್ಳೆಯದೋ?

ಸಪ್ತಾಪುರ_ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವನು. ನನ್ನದು 62 ಇಂಚಿನ, ಬಿಚ್ಚಿ ಜೋಡಿಸುವ ಮೂರು ತುಂಡಿನ ಟೇಕ್‌ಡೌನ್ ರಿಕರ್ವ್, ಅಂದರೆ ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು. ನಡುವಿನ ಹಿಡಿಕೆ, ಅಂದರೆ ರೈಸರ್, ಮರದ್ದು; ಹೆದೆಯನ್ನು 28 ಇಂಚಿಗೆ ಎಳೆದಾಗ 40 ಪೌಂಡ್ ಬಲ. ಕಾರ್ಬನ್ ಬಾಣ, 29 ಇಂಚು ಉದ್ದ, ನಾಲ್ಕು ಇಂಚಿನ ಹಕ್ಕಿ ಗರಿ. ಗುರಿ ನೋಡುವ ಸೈಟ್, ಬಿಲ್ಲು ಅಲುಗದಂತೆ ಹಿಡಿಯುವ ಸ್ಟೆಬಿಲೈಸರ್ ಕಡ್ಡಿ ಯಾವುದೂ ಇಲ್ಲ. ಬಲಗೈಯಲ್ಲಿ ಹೆದೆ ಎಳೆಯುತ್ತೇನೆ.

ಮುಳಗುಂದದ ಹತ್ತಿರ ನಮ್ಮ ಮಾವನ ಹೊಲವಿದೆ. ಹಿಂಗಾರಿ ಜೋಳ ಕೊಯ್ದ ಮೇಲೆ ಅಲ್ಲಿ ಫೋಮ್ ಗುರಿಗಳನ್ನು ಇಟ್ಟು, ಬದುವಿನ ಮೇಲೆ ನಡೆಯುತ್ತಾ ಬಿಡುತ್ತೇವೆ. ಒಂದು ಗುರಿ ಬೇವಿನ ಗಿಡದ ಹಿಂದೆ, ಇನ್ನೊಂದು ಹಳ್ಳದ ಆಚೆ, ಹೀಗೆ. ಬೆನ್ನಿನ ಬತ್ತಳಿಕೆ ಹಾಕಿಕೊಂಡರೆ ಗರಿಗಳು ಜಾಲಿ ಮುಳ್ಳಿಗೆ ಸಿಕ್ಕುತ್ತವೆ, ತಂತಿ ಬೇಲಿ ನುಸುಳಲು ಬಗ್ಗಿದರೆ ಬಾಣ ತಲೆಯ ಮೇಲಿಂದ ಜಾರುತ್ತವೆ. ಸೊಂಟದ್ದು ತೊಡೆಗೆ ಬಡಿಯುತ್ತದೆ. ಅದಕ್ಕೆ ಬಿಲ್ಲಿಗೇ ಕೂರುವ ಬತ್ತಳಿಕೆ ತರಿಸೋಣ ಅಂತ ಯೋಚನೆ.

ಲಿಂಬ್ (ಬಿಲ್ಲಿನ ಬಾಗುವ ತೋಳು) ರೈಸರ್‌ಗೆ ಸೇರಿಸುವ ಬೋಲ್ಟಿಗೆ ಕೂರುವುದು ತಗೊಳ್ಳಲಾ, ರಬ್ಬರ್ ಪಟ್ಟಿಯದಾ? ಎಷ್ಟು ಬಾಣದ್ದು? ಇದರಿಂದ ಗುರಿ ಕೆಡುತ್ತದೆ ಅಂತ ಗೆಳೆಯನೊಬ್ಬ ಹೇಳುತ್ತಾನೆ, ನಿಜವಾ? ಸಲೀಸಾದರೆ ಕಪ್ಪತಗುಡ್ಡದ ಕಡೆ ನಡೆಯುವಾಗಲೂ ಬಿಲ್ಲು ಒಯ್ಯುವ ಆಸೆ ಇದೆ.

ಗೋಕುಲ_ರೋಡ್

ತಮ್ಮಾ, ನಿನ್ನ ಉಪಯೋಗಕ್ಕೆ ಇದು ಸರಿಯಾದ ಸಾಮಾನು. ಮೈದಾನದಲ್ಲಿ ಒಂದೇ ಕಡೆ ನಿಂತು ಬಿಡುವವರಿಗೆ ಬೇಕಿಲ್ಲ, ನಡೆಯುವವರಿಗೆ ಬೇಕು. ಕಾಡಿನಲ್ಲಿ ಬಗ್ಗಿ, ತೆವಳಿ ಹೋಗುವವರ ಬಾಣ ಗಿಡಗಂಟಿಗೆ ಸಿಗಬಾರದು, ಕೈಗೆ ಹತ್ತಿರ ಇರಬೇಕು ಅಂತಲೇ ಇದನ್ನು ಮಾಡಿದ್ದಾರೆ.

ಗುರಿಯ ವಿಷಯ ಮೊದಲು ಹೇಳುತ್ತೇನೆ, ಯಾಕಂದ್ರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಬತ್ತಳಿಕೆ ಒಮ್ಮೆ ಕೂರಿಸಿದ ಮೇಲೆ ಅದು ಬಿಲ್ಲಿನದೇ ಒಂದು ಭಾಗ. ಲೆಕ್ಕ ಹಾಕಿ ನೋಡು. 450 ಗ್ರೇನ್ ಬಾಣ ಅಂದರೆ ಸುಮಾರು 29 ಗ್ರಾಂ. ನಾಲ್ಕು ಬಾಣಕ್ಕೆ ಹತ್ತಿರ ಹತ್ತಿರ 117 ಗ್ರಾಂ. ಬತ್ತಳಿಕೆ 250 ಗ್ರಾಂ ಇದ್ದರೆ ಒಟ್ಟು 370 ಗ್ರಾಂ ಆಯಿತು. ಮರದ ಬಿಲ್ಲಿಗೆ ಇದು ಸಣ್ಣ ತೂಕ ಅಲ್ಲ. ಅದೂ ನಡುವಿನಲ್ಲಿ ಕೂರುವುದಿಲ್ಲ, ಒಂದು ಮಗ್ಗುಲಿಗೆ ಕೂರುತ್ತದೆ. ಆ ತೂಕ ರೈಸರ್‌ನ ನಡುಗೆರೆಯಿಂದ 4 ಸೆಂ.ಮೀ. ದೂರ ಇರುವ ಬದಲು 8 ಸೆಂ.ಮೀ. ದೂರ ಇದ್ದರೆ ಬಿಲ್ಲನ್ನು ವಾಲಿಸುವ ಬಲ ಎರಡು ಪಟ್ಟಾಗುತ್ತದೆ. ಆದ್ದರಿಂದ ಬತ್ತಳಿಕೆ ಆರಿಸುವಾಗ ನಾನು ನೋಡುವ ಮೊದಲ ಗುಣ ಅದು ಬಿಲ್ಲಿಗೆ ಎಷ್ಟು ಅಂಟಿಕೊಂಡು ಕೂರುತ್ತದೆ ಅನ್ನುವುದು. ಚರ್ಮ ಎಷ್ಟು ಚೆಂದ ಇದೆ ಅನ್ನುವುದು ಆಮೇಲೆ.

ನೀನು ಬಲಗೈಯವನಾದ್ದರಿಂದ ಬಾಣ ರೈಸರ್‌ನ ಎಡಕ್ಕೆ ಕೂರುತ್ತದೆ, ಬತ್ತಳಿಕೆ ಬಲಕ್ಕೆ ಬರುತ್ತದೆ. ನಮ್ಮಲ್ಲಿ ಸೈಟ್ ಇಲ್ಲದೆ ಬಿಡುವವರು ಬಿಲ್ಲಿನ ಮೇಲ್ತುದಿಯನ್ನು ಸ್ವಲ್ಪ ಬಲಕ್ಕೇ ವಾಲಿಸುತ್ತೇವೆ ಅಲ್ವಾ, ಆ ವಾಲಿಕೆಗೆ ಈ ತೂಕ ಜೊತೆ ಕೊಡುತ್ತದೆ. ಬಿಲ್ಲನ್ನು ನೆಟ್ಟಗೆ ಹಿಡಿಯುವವರಿಗೆ ಮಾತ್ರ ಮಣಿಕಟ್ಟು ದಣಿಯುತ್ತದೆ. ತೂಕ ಹೆಚ್ಚಾದದ್ದರಿಂದ ಬಿಲ್ಲು ಕೈಯಲ್ಲಿ ಕಡಿಮೆ ಜಿಗಿಯುತ್ತದೆ, ಅದು ಲಾಭ. ಆದರೆ ಬತ್ತಳಿಕೆ ತೆಗೆದು ಟ್ಯೂನ್ ಮಾಡಿ (ಬಾಣ ನೇರ ಹೋಗುವಂತೆ ಬಿಲ್ಲು ಹೊಂದಿಸಿ), ಆಮೇಲೆ ಹಾಕಿಕೊಂಡು ಬಿಟ್ಟರೆ ಬಾಣ ಬೀಳುವ ಜಾಗ ಬದಲಾಗಬಹುದು. ನಿನ್ನ ಗೆಳೆಯ ನೋಡಿರುವುದು ಇದೇ ಇರಬೇಕು. ಮೊದಲಿನಿಂದಲೇ ಹಾಕಿಕೊಂಡು ಟ್ಯೂನ್ ಮಾಡು. ಗರಿಯಿಲ್ಲದ ಬಾಣ ಬಿಟ್ಟು ನೋಡುವಾಗಲೂ ಬತ್ತಳಿಕೆಯಲ್ಲಿ ಎಂದಿನಷ್ಟೇ ಬಾಣ ಇರಲಿ.

ಬಾಣ ನಾಲ್ಕು ಸಾಕು. ಆರರದ್ದು, ಎಂಟರದ್ದು ಸಿಗುತ್ತವೆ, ಬೇಡ. ತೂಕವೂ ಜಾಸ್ತಿ, ಗರಿಗಳೂ ಒಂದಕ್ಕೊಂದು ತಾಗುತ್ತವೆ. ಗರಿಗೆ ಗರಿ ತಾಗಿದರೆ ಪ್ರತಿ ಸಲ ಹೆದೆ ಬಿಟ್ಟಾಗ ಸರಸರ ಸದ್ದು, ದಿನ ಕಳೆದಂತೆ ಗರಿಯ ಅಂಚೂ ಸವೆಯುತ್ತದೆ.

ಇನ್ನು ಬೋಲ್ಟ್ ವಿಷಯ. ನಿನ್ನದು ಮೂರು ತುಂಡಿನದು, ಬೋಲ್ಟಿನ ತಲೆಯ ಕೆಳಗೆ ಬ್ರಾಕೆಟ್ ಹೋಗುತ್ತದೆ, ಅಲುಗಾಡುವುದಿಲ್ಲ. ನನ್ನ ಮತ ಅದಕ್ಕೇ. ಆದರೆ 3 ಮಿ.ಮೀ. ಬ್ರಾಕೆಟ್ ಹಾಕಿದರೆ ಬೋಲ್ಟ್ ಅಷ್ಟು ಕಡಿಮೆ ಒಳಗೆ ಹೋಗುತ್ತದೆ. ಬ್ರಾಕೆಟ್ ಇಲ್ಲದೆ ಎಷ್ಟು ಸುತ್ತು ಹಿಡಿಯುತ್ತದೆ, ಹಾಕಿದಾಗ ಎಷ್ಟು ಅಂತ ಎಣಿಸು. ಮರದೊಳಗಿನ ಹಿತ್ತಾಳೆ ಇನ್ಸರ್ಟ್‌ನಲ್ಲಿ (ಥ್ರೆಡ್ ಇರುವ ಕೊಳವೆಯಲ್ಲಿ) ಬೋಲ್ಟಿನ ದಪ್ಪದ ಒಂದೂವರೆ ಪಟ್ಟು ಉದ್ದ ಒಳಗಿದ್ದರೆ ನನಗೆ ಸಮಾಧಾನ. ಕಡಿಮೆ ಆದರೆ ಉದ್ದದ ಬೋಲ್ಟ್ ಹಾಕಬೇಕು. 40 ಪೌಂಡ್ ಎಳೆತ ಆ ಎರಡು ಬೋಲ್ಟ್‌ಗಳ ಮೇಲೆ ನಿಂತಿರುತ್ತದೆ, ಇದರಲ್ಲಿ ಅಂದಾಜು ನಡೆಯುವುದಿಲ್ಲ.

ಹಾನಗಲ್_ಬಿದಿರು

ಗೋಕುಲ ರೋಡ್ ಸರ್ ಹೇಳಿದ್ದು ಟೇಕ್‌ಡೌನ್‌ಗೆ ಸರಿ. ಇಡೀ ತುಂಡಿನ ಲಾಂಗ್‌ಬೋ (ಉದ್ದನೆಯ ನೆಟ್ಟ ಬಿಲ್ಲು) ಇರುವವರು ಈ ಮಾತು ಓದಿ ರೈಸರ್‌ಗೆ ಡ್ರಿಲ್ ಹಾಕಬಾರದು ಅಂತ ನನ್ನ ಮಾತನ್ನೂ ಸೇರಿಸುತ್ತೇನೆ. ನನ್ನದು ಬಿದಿರಿನ ಬೆನ್ನಿನ ಲಾಂಗ್‌ಬೋ. ಅದಕ್ಕೆ ಎರಡು ತುಂಡಿನ ಬತ್ತಳಿಕೆ ಕಟ್ಟುತ್ತೇನೆ. ಮೇಲೆ ಮೊನೆ ಮುಚ್ಚುವ ಹುಡ್, ಕೆಳಗೆ ಬಾಣ ಹಿಡಿಯುವ ಗ್ರಿಪ್ಪರ್, ನಡುವೆ ಸರಳು ಇಲ್ಲ. ಹಗುರ.

ಕಟ್ಟುವ ಜಾಗ ಬಹಳ ಮುಖ್ಯ ರೀ. ಹಿಡಿಕೆಯ ಗಟ್ಟಿ ಮರ ತೆಳುವಾಗುತ್ತಾ ಲಿಂಬ್‌ನಲ್ಲಿ ಮುಗಿಯುವ ಜಾಗ ಇದೆಯಲ್ಲ, ಅಲ್ಲಿಗೇ ನಿಲ್ಲಬೇಕು. ಅದಕ್ಕಿಂತ ಆಚೆ, ಬಾಗುವ ಭಾಗದ ಮೇಲೆ ಕಟ್ಟಿದರೆ ಪಟ್ಟಿ ಬಾಗುವಿಕೆಯನ್ನು ತಡೆಯುತ್ತದೆ, ಹೆದೆ ಬಿಟ್ಟಾಗ ಲಿಂಬ್ ಆ ತೂಕವನ್ನೂ ಹೊತ್ತು ಓಡಬೇಕು. ಬಾಣದ ವೇಗ ಇಳಿಯುತ್ತದೆ, ಬತ್ತಳಿಕೆಯೂ ಜಾರುತ್ತದೆ.

ಪಟ್ಟಿಗೆ ನಾನು ಸೈಕಲ್ ಟ್ಯೂಬ್ ಕತ್ತರಿಸಿ ಬಳಸುತ್ತೇನೆ. ಕೆಳಗೆ ಮೆತ್ತನೆಯ ಚರ್ಮದ ತುಂಡು ಇಡಲೇಬೇಕು. ಇಲ್ಲದಿದ್ದರೆ ಏಪ್ರಿಲ್ ಬಿಸಿಲಿಗೆ ರಬ್ಬರ್ ವಾರ್ನಿಷ್‌ಗೆ ಅಂಟಿ ಕಲೆ ಬಿಡುತ್ತದೆ. ಬಿಲ್ಲಿಗೆ ಹೆದೆ ಏರಿಸಿದ ಮೇಲೆಯೇ ಬತ್ತಳಿಕೆ ಕಟ್ಟಿ. ಬಿಚ್ಚುವಾಗ ಮೊದಲು ಬಾಣ, ಆಮೇಲೆ ಬತ್ತಳಿಕೆ, ಕೊನೆಗೆ ಹೆದೆ. ಬಾಣ ತುಂಬಿದ ಬಿಲ್ಲನ್ನು ಬಗ್ಗಿಸಿ ಹೆದೆ ಏರಿಸುವುದು ಅಪಾಯ.

ಗ್ರಿಪ್ಪರ್ ತರಿಸುವಾಗ ನಿಮ್ಮ ಬಾಣದ ದಪ್ಪ ಹೇಳಿ. ಮರದ ಬಾಣ ಸಾಮಾನ್ಯವಾಗಿ 5/16 ಅಥವಾ 11/32 ಇಂಚು, ಅಂದರೆ 7.9 ಅಥವಾ 8.7 ಮಿ.ಮೀ. ಕಾರ್ಬನ್ ಹೆಚ್ಚಾಗಿ ಅದಕ್ಕಿಂತ ಸಣ್ಣ. ಮರದ ಬಾಣಕ್ಕೆ ಮಾಡಿದ ಗ್ರಿಪ್ಪರ್‌ನಲ್ಲಿ ಸಣ್ಣ ಕಾರ್ಬನ್ ಬಾಣ ಹಾಕಿದರೆ ನಡೆಯುವಾಗ ಒಂದೊಂದೇ ಜಾರಿ ಬೀಳುತ್ತದೆ.

ಬೆಟಗೇರಿ_ಗಾಳಿ

ಸಪ್ತಾಪುರದ ತಮ್ಮಾ, ಬೋಲ್ಟ್ ಪಟ್ಟಿ ಎಲ್ಲ ಆಮೇಲೆ. ಕಪ್ಪತಗುಡ್ಡಕ್ಕೆ ಬಿಲ್ಲು ಒಯ್ಯುವ ಯೋಚನೆಯನ್ನು ಇವತ್ತೇ ಬಿಡು.

ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆಯುಧ ಅಂದರೆ ಏನು ಅಂತ ಬರೆದಿರುವ ಕಡೆ ಬಂದೂಕಿನ ಜೊತೆಗೇ ಬಿಲ್ಲು ಬಾಣದ ಹೆಸರೂ ಇದೆ. ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಇಲ್ಲದೆ ಧಾಮದೊಳಗೆ ಆಯುಧ ಒಯ್ಯುವಂತಿಲ್ಲ. ನೀನು ಬಾಣ ಬಿಡದೆ ಸುಮ್ನೆ ಹೆಗಲಿಗೆ ಹಾಕಿಕೊಂಡು ನಡೆದರೂ ತಪ್ಪೇ. ಬಾಣ ತುಂಬಿದ ಬತ್ತಳಿಕೆ ಬಿಲ್ಲಿಗೇ ಕೂತಿದ್ದರೆ ನೋಡುವವರಿಗೆ ಬೇಟೆಗೆ ಹೊರಟವನಂತೆಯೇ ಕಾಣುತ್ತೀಯ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮಕ್ಕೂ ಇದೇ ಮಾತು. ಆ ಪ್ರಾಣಿಗಳು ನಮ್ಮ ಜಿಲ್ಲೆಗಳ ಆಸ್ತಿ. ಬಿಲ್ಲು ಹಿಡಿದವರ ಮೇಲೆ ಅರಣ್ಯದವರಿಗೆ ಅನುಮಾನ ಹುಟ್ಟುವ ಕೆಲಸ ನಮ್ಮಿಂದ ಆಗಬಾರದು. ಮಾವನ ಹೊಲ ಇದೆಯಲ್ಲ, ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಬಾಣ ಆಚೆ ಹೊಲಕ್ಕೆ ಹಾರದಂತೆ ಗುರಿಯ ಹಿಂದೆ ಮಣ್ಣಿನ ಏರಿ ಇರಲಿ, ಸಾಲದಿದ್ದರೆ ಕಣಕಿಯ ಬಣವಿ ಇರಲಿ.

ಗಾಳಿಯ ಬಗ್ಗೆಯೂ ಒಂದು ಮಾತು. ನಮ್ಮ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಎರೆ ಹೊಲದಲ್ಲಿ ತಡೆಯೇ ಇಲ್ಲದೆ ಬೀಸುತ್ತದೆ. ಮಗ್ಗುಲ ಗಾಳಿಗೆ ಬತ್ತಳಿಕೆಯ ಹುಡ್, ಗರಿ ಎಲ್ಲ ಸೇರಿ ಬಿಲ್ಲನ್ನು ತಳ್ಳುತ್ತವೆ. ಜೋರು ಗಾಳಿ ಇದ್ದ ದಿನ ನಾನು ಬಿಲ್ಲಿನಿಂದ ತೆಗೆದು ಸೊಂಟಕ್ಕೇ ಹಾಕುತ್ತೇನೆ.

ಸ್ಪರ್ಧೆಯ ಆಸೆ ಇದ್ದರೆ ಇದೂ ಗೊತ್ತಿರಲಿ. ಅಂತರರಾಷ್ಟ್ರೀಯ ಬಿಲ್ಲುಗಾರಿಕೆ ಸಂಸ್ಥೆ ವರ್ಲ್ಡ್ ಆರ್ಚರಿಯ ಬೇರ್‌ಬೋ (ಸೈಟ್ ಇಲ್ಲದ ಬಿಲ್ಲಿನ ವಿಭಾಗ) ನಿಯಮದಲ್ಲಿ ಹೆದೆ ಇಳಿಸಿದ ಬಿಲ್ಲು, ಅದಕ್ಕೆ ಕೂರಿಸಿದ ಸಾಮಾನಿನ ಸಮೇತ, 12.2 ಸೆಂ.ಮೀ. ಒಳವ್ಯಾಸದ ಬಳೆಯೊಳಗೆ ತೂರಬೇಕು. ಬತ್ತಳಿಕೆ ಇಟ್ಟುಕೊಂಡು ತೂರಿಸಲು ಆಗುವುದಿಲ್ಲ. ಅಲ್ಲಿಗೆ ಸೊಂಟದ ಬತ್ತಳಿಕೆ ಬೇಕೇ ಬೇಕು, ಟ್ಯೂನಿಂಗ್ ಕೂಡ ಅದಕ್ಕೆ ತಕ್ಕಂತೆ.

ಸಪ್ತಾಪುರ_ಹುಡುಗ

ಎಲ್ಲರಿಗೂ ಧನ್ಯವಾದ. ಬೆಟಗೇರಿ ಅಣ್ಣಾ, ಗುಡ್ಡಕ್ಕೆ ಬಿಲ್ಲು ಒಯ್ಯುವುದಿಲ್ಲ, ಹೊಲದಲ್ಲೇ ಆಡುತ್ತೇನೆ. ಗಾಳಿಗೆ ಸೊಂಟದ್ದನ್ನೂ ಇಟ್ಟುಕೊಳ್ಳುತ್ತೇನೆ.

ಬೋಲ್ಟ್ ಬಿಚ್ಚಿ ನೋಡಿದೆ. 3 ಮಿ.ಮೀ. ವಾಷರ್ ಇಟ್ಟು ಎಣಿಸಿದರೆ ಸುತ್ತು ಕಡಿಮೆ ಬೀಳುತ್ತಿದೆ, ಉದ್ದದ ಬೋಲ್ಟ್ ಬೇಕು. ಇಲ್ಲಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಎಂ8 ಬೋಲ್ಟ್ ತೋರಿಸಿ ಇದೇ ಅಳತೆ ಅನ್ನುತ್ತಾರೆ. ಹಾಕಬಹುದಾ? ಹೊರಗಿನಿಂದ ತರಿಸುವ ಬತ್ತಳಿಕೆ ದುಬಾರಿ ಆಗುತ್ತಿದೆ, ಇಲ್ಲೇ ಮಾಡಿಸಲು ಆಗುತ್ತದಾ? ಗರಿಯ ಮೇಲೆ ಮಳೆ ಬಿದ್ದರೆ ಏನು ಮಾಡುವುದು ಅಂತಲೂ ಹೇಳಿ, ಧಾರವಾಡದ ಜುಲೈ ನಿಮಗೆ ಗೊತ್ತೇ ಇದೆ.

ಗೋಕುಲ_ರೋಡ್

ಎಂ8 ಹಾಕಬೇಡ. ಕಣ್ಣಿಗೆ ಒಂದೇ ಥರ ಕಾಣುತ್ತವೆ, ಬೇರೆ ಬೇರೆ. ಬಿಲ್ಲಿನ ಸಾಮಾನು ಬಹುಪಾಲು ಇಂಚಿನ ಲೆಕ್ಕದ್ದು. ಸ್ಟೆಬಿಲೈಸರ್ ತೂತನ್ನೇ ತಗೋ, 5/16 ಇಂಚು ದಪ್ಪ, ಒಂದು ಇಂಚಿಗೆ 24 ಥ್ರೆಡ್. ಅಂದರೆ 7.94 ಮಿ.ಮೀ. ದಪ್ಪ, ಥ್ರೆಡ್ ನಡುವೆ 1.06 ಮಿ.ಮೀ. ಎಂ8 ಬೋಲ್ಟಿನ ದಪ್ಪ 8, ಥ್ರೆಡ್ ಅಂತರ 1.25. ಎರಡು ಸುತ್ತು ಸಲೀಸಾಗಿ ಹೋದಂತೆ ಅನಿಸುತ್ತದೆ, ಸ್ಪ್ಯಾನರ್ ಹಾಕಿ ಬಿಗಿದರೆ ಹಿತ್ತಾಳೆಯ ಥ್ರೆಡ್ ಕಿತ್ತು ಬರುತ್ತದೆ. ಹಳೆಯ ಬೋಲ್ಟನ್ನೇ ಕೈಯಲ್ಲಿ ಹಿಡಿದು ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿಗೆ ಬಾ. ಯಾವುದೇ ಲೇಥ್ ಶಾಪಿನಲ್ಲಿ ಥ್ರೆಡ್ ಗೇಜ್ ಇರುತ್ತದೆ. ಅಳತೆ ನೋಡಿ ಅದೇ ಥ್ರೆಡ್‌ನ ಉದ್ದದ ಬೋಲ್ಟ್ ಮಾಡಿಕೊಡುತ್ತಾರೆ. ತಲೆ ಮಾತ್ರ ಮೊದಲಿನ ಅಗಲವೇ ಇರಲಿ.

ಬತ್ತಳಿಕೆ ಇಲ್ಲೇ ಮಾಡಿಸಬಹುದು, ನಾನು ಬಳಸುತ್ತಿರುವುದೂ ಹುಬ್ಬಳ್ಳಿಯಲ್ಲೇ ಮಾಡಿದ್ದು. 3 ಮಿ.ಮೀ. ಅಲ್ಯೂಮಿನಿಯಂ ಪಟ್ಟಿಯ ಎರಡು ಬ್ರಾಕೆಟ್, ನಡುವೆ ತೆಳು ಅಲ್ಯೂಮಿನಿಯಂ ಸರಳು. ಹುಡ್‌ಗೆ 90 ಮಿ.ಮೀ. ಪಿವಿಸಿ ಪೈಪಿನ ಮುಚ್ಚಳ ಸಾಕು. ಅಗಲ ಜಾಸ್ತಿ ಅನಿಸಿದರೆ ಹೀಟ್ ಗನ್‌ನಿಂದ ಬಿಸಿ ಮಾಡಿ ಚಪ್ಪಟೆ ಮಾಡು, ಬಿಲ್ಲಿಗೆ ಇನ್ನೂ ಹತ್ತಿರ ಕೂರುತ್ತದೆ. ಒಳಗೆ ಗಟ್ಟಿ ಫೋಮ್ ತುಂಬು, ಮೊನೆ ಅದರಲ್ಲಿ ನಾಟಿ ನಿಲ್ಲಬೇಕು, ಪ್ಲಾಸ್ಟಿಕ್‌ಗೆ ಬಡಿಯಬಾರದು. ಗ್ರಿಪ್ಪರ್‌ಗೆ ದಪ್ಪ ಇವಿಎ ಹಾಳೆ, ಚಪ್ಪಲಿಯ ಅಟ್ಟೆಗೆ ಹಾಕುತ್ತಾರಲ್ಲ ಅದೇ. ಬಾಣದ ದಪ್ಪಕ್ಕಿಂತ 1 ಮಿ.ಮೀ. ಸಣ್ಣ ತೂತು ಕೊರೆದು, ಅಂಚಿನಿಂದ ತೂತಿನವರೆಗೆ ಬ್ಲೇಡಿನಿಂದ ಒಂದು ಸೀಳು. ಬಾಣವನ್ನು ಮಗ್ಗುಲಿಗೆ ಎಳೆದರೆ ಚಟಕ್ಕನೆ ಬರಬೇಕು, ಬಿಲ್ಲನ್ನು ಕೆಳಮುಖ ಮಾಡಿ ಅಲ್ಲಾಡಿಸಿದರೆ ಬೀಳಬಾರದು. ತೂತುಗಳ ನಡುವೆ 3 ಸೆಂ.ಮೀ. ಬಿಡು, ನಿನ್ನ ಗರಿಗೆ ಅಷ್ಟು ಜಾಗ ಬೇಕು.

ಕೂರಿಸಿದ ಮೇಲೆ ಬಾಣ ತುಂಬಿ, ಬೆರಳ ಗೆಣ್ಣಿನಿಂದ ರೈಸರ್ ತಟ್ಟಿ ಕಿವಿಗೊಟ್ಟು ಕೇಳು. ಎಲ್ಲಿ ಕಟಕಟ ಅನ್ನುತ್ತದೋ ಅಲ್ಲಿ ತೆಳು ರಬ್ಬರ್ ಸೇರಿಸು. ಖಾಲಿ ಹೆದೆ ಎಳೆದು ಬಿಟ್ಟು ಪರೀಕ್ಷೆ ಮಾಡಬೇಡ, ಲಿಂಬ್ ಸೀಳಬಹುದು. ಆಮೇಲೆ ಗುರಿಯ ಮುಂದೆ ನಿಂತು, ಬಾಣ ಹೂಡಿ ಪೂರ್ತಿ ಎಳೆ. ಗೆಳೆಯ ನಿನ್ನ ಹಿಂದೆ ನಿಂತು ನೋಡಲಿ. ಬತ್ತಳಿಕೆಯ ಬಾಣಗಳ ಗರಿಗೂ ಕೆಳ ಲಿಂಬ್‌ಗೂ ನಡುವೆ ಕನಿಷ್ಠ ಒಂದು ಬೆರಳು ಜಾಗ ಇರಬೇಕು. ಇಲ್ಲದಿದ್ದರೆ ಗ್ರಿಪ್ಪರ್ ಬ್ರಾಕೆಟ್ಟನ್ನು ಸ್ವಲ್ಪ ಹೊರಕ್ಕೆ ಬಾಗಿಸು.

ಮಳೆಗೆ ಗರಿಯ ಮೇಲೆ ಪ್ಲಾಸ್ಟಿಕ್ ಚೀಲ ಹಾಕಿ ಸಡಿಲವಾಗಿ ಕಟ್ಟು. ಮೊನೆ ಮೇಲೆ ಇರುವುದರಿಂದ ಗರಿ ಕೆಳಗೆ ಇರುತ್ತದೆ, ಮಳೆ ನಿಂತ ಮೇಲೂ ಒದ್ದೆ ಹುಲ್ಲು ತಾಗುತ್ತದೆ, ಅದಕ್ಕೇ ಚೀಲ ತೆಗೆಯಬೇಡ. ನೆನೆದ ಗರಿ ಚಪ್ಪಟೆ ಬಿದ್ದರೆ ಮನೆಗೆ ಬಂದು ಕುದಿಯುವ ನೀರಿನ ಹಬೆಗೆ ಹಿಡಿ, ಎದ್ದು ನಿಲ್ಲುತ್ತದೆ. ಬೋಲ್ಟ್ ತಗೊಂಡು ಬರುವಾಗ ಒಂದು ಬಾಣವನ್ನೂ ತಾ, ಗ್ರಿಪ್ಪರ್ ತೂತಿನ ಅಳತೆಗೆ ಬೇಕು. ಭಾನುವಾರ ಶಾಪ್‌ಗಳು ಮುಚ್ಚಿರುತ್ತವೆ, ಬೇರೆ ದಿನ ಬಾ.