ಹಿರಿಯರಿಗೆ ಬಿಡದ ಕೆಮ್ಮು: ಬ್ರಹ್ಮಾವರದ ಪ್ರಶ್ನೆಗೆ ಬಂದ ಅನುಭವಗಳು

ಪ್ರಶ್ನೆ, ಬ್ರಹ್ಮಾವರದಿಂದ:
ನಮ್ಮ ಮಾವನವರಿಗೆ 74 ವರ್ಷ. ಬೀಡಿ, ಸಿಗರೇಟಿನ ಅಭ್ಯಾಸವಿಲ್ಲ. ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಹಿಡಿದ ಕೆಮ್ಮು ನವರಾತ್ರಿ ಕಳೆದರೂ ಬಿಟ್ಟಿಲ್ಲ. ಸಿರಪ್ ಆಯಿತು, ಆಂಟಿಬಯೋಟಿಕ್ ಕೂಡ ಆಯಿತು. ಮುಂದೇನು ಮಾಡಬೇಕೆಂದು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮಂಗಳೂರಿನಿಂದ:
ಮೊದಲು ರಕ್ತದೊತ್ತಡದ ಮಾತ್ರೆಯ ಹೆಸರನ್ನು ನೋಡಿ. ಎನಾಲಾಪ್ರಿಲ್, ರಾಮಿಪ್ರಿಲ್, ಲಿಸಿನೋಪ್ರಿಲ್ ಮುಂತಾದವು ಕೆಲವರಲ್ಲಿ ಗಂಟಲು ಕೆರೆದಂತಾಗಿ ಬರುವ ಒಣಕೆಮ್ಮನ್ನು ಉಂಟುಮಾಡುತ್ತವೆ. ಮಾತ್ರೆ ಆರಂಭಿಸಿ ಹಲವು ತಿಂಗಳಾದ ಮೇಲೂ ಅದು ಕಾಣಿಸಿಕೊಳ್ಳಬಹುದಾದ್ದರಿಂದ ಯಾರಿಗೂ ಮಾತ್ರೆಯ ಮೇಲೆ ಸಂಶಯ ಬರುವುದಿಲ್ಲ. ನನ್ನ ತಾಯಿಯ ಕೆಮ್ಮಿಗೆ ಕಾರಣ ಇದೇ ಆಗಿತ್ತು. ವೈದ್ಯರು ಅದರ ಬದಲಿಗೆ ಟೆಲ್ಮಿಸಾರ್ಟಾನ್ ಕೊಟ್ಟ ಮೇಲೆ ಕೆಮ್ಮು ನಿಧಾನವಾಗಿ ಇಳಿಯಿತು. ಸಾಮಾನ್ಯವಾಗಿ 1ರಿಂದ 4 ವಾರಗಳಲ್ಲಿ, ಕೆಲವರಿಗೆ 3 ತಿಂಗಳಲ್ಲಿ ಗುಣ ಕಾಣುತ್ತದೆ ಎಂದು ಅವರು ಮೊದಲೇ ಹೇಳಿದ್ದರಿಂದ ನಾವು ಅವಸರಪಡಲಿಲ್ಲ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ಕಷಾಯದ ಬಗ್ಗೆಯೂ ಒಂದು ಮಾತು. ಶುಂಠಿ, ಕಾಳುಮೆಣಸಿಗೆ ನನ್ನ ತಕರಾರಿಲ್ಲ. ಆದರೆ ಕೆಮ್ಮಿನ ಕಷಾಯಕ್ಕೆ ಹಾಕುವ ಅತಿಮಧುರವನ್ನು ದಿನವೂ ಸೇವಿಸಿದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಜೇನುತುಪ್ಪವನ್ನೂ ಸಿಹಿ ಸಿರಪ್‌ಗಳನ್ನೂ ಸಕ್ಕರೆಯ ಲೆಕ್ಕಕ್ಕೆ ಸೇರಿಸಬೇಕು.

ಉಡುಪಿಯಿಂದ:
ಬೀಡಿ ಸೇದದವರ ಶ್ವಾಸಕೋಶಕ್ಕೂ ಹೊಗೆ ತಟ್ಟಿರಬಹುದು. ನಮ್ಮ ತಂದೆ ಬಚ್ಚಲ ಒಲೆಗೆ ತೆಂಗಿನ ಸಿಪ್ಪೆ, ಮಡಲು ಹಾಕಿ ಸ್ನಾನದ ನೀರು ಕಾಯಿಸುವುದನ್ನು ಬಹುಕಾಲ ಬಿಡಲಿಲ್ಲ. ಎದೆಯ ಎಕ್ಸ್‌ರೇಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಮಣಿಪಾಲದಲ್ಲಿ ಕೊಳವೆಗೆ ಊದಿಸಿ ಮಾಡುವ ಸ್ಪೈರೋಮೆಟ್ರಿ ಪರೀಕ್ಷೆಯಲ್ಲಿ ಶ್ವಾಸನಾಳ ಕಿರಿದಾಗಿರುವುದು ಗೊತ್ತಾಯಿತು. ಇನ್‌ಹೇಲರ್ ಅಭ್ಯಾಸವಾಗಿಬಿಡುತ್ತದೆ ಎಂಬ ಭಯ ನಮ್ಮ ಊರಿನಲ್ಲಿ ಇನ್ನೂ ಇದೆ, ಅದಕ್ಕೆ ಆಧಾರವಿಲ್ಲ. ಕೈ ಮತ್ತು ಉಸಿರಿನ ಹೊಂದಾಣಿಕೆ ಕಷ್ಟವಾಗುವ ವಯಸ್ಸಿನವರಿಗೆ ಇನ್‌ಹೇಲರ್‌ಗೆ ಸ್ಪೇಸರ್, ಅಂದರೆ ಔಷಧಿಯನ್ನು ಹಿಡಿದಿಟ್ಟು ನಿಧಾನವಾಗಿ ಎಳೆದುಕೊಳ್ಳಲು ಬಿಡುವ ಕೊಳವೆ, ಜೋಡಿಸಿ ಕೊಡುವುದು ಒಳ್ಳೆಯದು, ಮತ್ತು ಸ್ಟೀರಾಯ್ಡ್ ಇರುವ ಇನ್‌ಹೇಲರ್ ಆದರೆ ಪ್ರತಿ ಸಲವೂ ಬಾಯಿ ಮುಕ್ಕಳಿಸಬೇಕು.

ಮಂಗಳೂರಿನ ನಿವೃತ್ತ ದಾದಿಯೊಬ್ಬರಿಂದ:
ಮೇಲಿನ ಎರಡೂ ಮಾತು ಸರಿ, ಆದರೆ ಕ್ರಮದ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಎರಡು ವಾರ ದಾಟಿದ ಕೆಮ್ಮಿಗೆ ಕ್ಷಯದ ಪರೀಕ್ಷೆ ಮತ್ತು ಎದೆಯ ಎಕ್ಸ್‌ರೇ ಮೊದಲು ಆಗಬೇಕು. ಮಾತ್ರೆ ಬದಲಿಸಿ ವಾರಗಟ್ಟಲೆ ಕಾಯುವುದು ಅದರ ನಂತರದ ಮಾತು. ಸಕ್ಕರೆ ಕಾಯಿಲೆ ಇರುವವರಿಗೆ ಕ್ಷಯ ತಗಲುವ ಸಂಭವ ಹೆಚ್ಚು, ವಯಸ್ಸಾದವರಲ್ಲಿ ಸಂಜೆಯ ಜ್ವರವಾಗಲಿ ಕಫದಲ್ಲಿ ರಕ್ತವಾಗಲಿ ಇಲ್ಲದೆಯೂ ಅದು ಇರಬಹುದು. ಕಫದ ಪರೀಕ್ಷೆಯನ್ನು ಸರಕಾರಿ ಆರೋಗ್ಯ ಕೇಂದ್ರಗಳ ಮೂಲಕ ಉಚಿತವಾಗಿ ಮಾಡಿಸುತ್ತಾರೆ. ಒಣಕೆಮ್ಮಾದರೂ ಬೆಳಗ್ಗೆ ಎದ್ದಕೂಡಲೇ ಆಳವಾಗಿ ಕೆಮ್ಮಿಸಿದರೆ ಸ್ವಲ್ಪ ಕಫ ಬರುವುದುಂಟು. ಬರಿಯ ಉಗುಳನ್ನು ಕೊಟ್ಟರೆ ಪ್ರಯೋಜನವಿಲ್ಲ.

ಕೆಮ್ಮು ಯಾವಾಗ ಬರುತ್ತದೆ ಎಂಬುದನ್ನು ಮನೆಯವರು ಗಮನಿಸಿ ಹೇಳಿದರೆ ವೈದ್ಯರ ಕೆಲಸ ಹಗುರಾಗುತ್ತದೆ. ಮಲಗಿದಾಗ ಕೆಮ್ಮು ಹೆಚ್ಚಾಗಿ, ಜೊತೆಗೆ ಕಾಲಲ್ಲಿ ಬಾವೂ ಇದ್ದರೆ ಹೃದಯವನ್ನು, ಊಟದ ನಂತರ ಹುಳಿತೇಗಿನೊಂದಿಗೆ ಬಂದರೆ ಆಮ್ಲವನ್ನು, ನೀರು ಕುಡಿಯುವಾಗಲೇ ಬಂದರೆ ನುಂಗುವ ತೊಂದರೆಯನ್ನು ಪರಿಶೀಲಿಸುತ್ತಾರೆ. ರಕ್ತ ಬಿದ್ದರೆ, ತೂಕ ಇಳಿದರೆ, ಸ್ವರ ಒಡೆದರೆ ಅಥವಾ ಏದುಸಿರು ಬಂದರೆ ತಡಮಾಡಬಾರದು.

ಕೊಟ್ಟ ಆಂಟಿಬಯೋಟಿಕ್‌ನ ಹೆಸರನ್ನು ನೀವು ಬರೆದಿಲ್ಲ. ಲೆವೊಫ್ಲಾಕ್ಸಾಸಿನ್‌ನಂಥ ಔಷಧಿಗಳು ಕ್ಷಯವನ್ನು ತಾತ್ಕಾಲಿಕವಾಗಿ ಅಡಗಿಸಿ ರೋಗ ಪತ್ತೆಯಾಗುವುದನ್ನು ತಡವಾಗಿಸಬಲ್ಲವು. ಆದ್ದರಿಂದ ಹಳೆಯ ಚೀಟಿ, ಖಾಲಿ ಸ್ಟ್ರಿಪ್, ಸಿರಪ್ ಬಾಟಲಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಮುಂದಿನ ವೈದ್ಯರ ಎದುರು ಇಡಿ.