ಫ್ಲೋರ್‌ನಲ್ಲಿ ಬೀಳಲೇ ಇಲ್ಲ, ಆದ್ರೂ ಅಂಕ ಯಾಕೆ ಹೋಯ್ತು?

ಕುವೆಂಪುನಗರದ ಅಮ್ಮ:
ಮಗಳಿಗೆ 11 ವರ್ಷ. ಐದು ವರ್ಷದಿಂದ ಭರತನಾಟ್ಯ, ಮೂರು ವರ್ಷದಿಂದ ಜಿಮ್ನಾಸ್ಟಿಕ್ಸ್. ಭಾನುವಾರ ಜೂನಿಯರ್ ಸ್ಪರ್ಧೆ ಇತ್ತು. ಬೀಮ್ ಅಂದ್ರೆ ಎತ್ತರದಲ್ಲಿರೋ ತೊಲೆ, ಬರೀ 10 ಸೆಂ.ಮೀ. ಅಗಲ. ತಿರುಗುವಾಗ ಬಿದ್ದಳು. ಅಳಲಿಲ್ಲ, ತಕ್ಷಣ ಹತ್ತಿದಳು. ಅದು ಹೋಗಲಿ ಬಿಡಿ, ಬಿದ್ದರೆ ಅಂಕ ಹೋಗುತ್ತೆ ಅಂತ ಗೊತ್ತು. ನನ್ನ ಸಂಕಟ ಆಮೇಲೆ ಸಂಗೀತಕ್ಕೆ ನೆಲದ ಮೇಲೆ ಮಾಡುವ ಫ್ಲೋರ್‌ದು. ವೀಣೆ ಹಾಕಿಸಿದ್ದೆವು. ಕಣ್ಣು, ಕತ್ತು, ಕೈ ಎಲ್ಲಾ ತಾಳಕ್ಕೆ ಸರಿಯಾಗಿ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಕಡಲೆಕಾಯಿ ಬಿಡಿಸೋದನ್ನೇ ನಿಲ್ಲಿಸಿ ನೋಡಿದರು. ಆದ್ರೂ ಅಂಕ ಕಡಿಮೆ. ನಾಟ್ಯ ಚೆನ್ನಾಗಿದ್ದರೆ ಜಾಸ್ತಿ ಕೊಡುವುದಿಲ್ವಾ?

ಹಳೇ ಜಿಮ್ನಾಸ್ಟ್, ನಜರ್‌ಬಾದ್:
ಇಲ್ಲ ಮೇಡಂ. ಕಷ್ಟದ ಪಟ್ಟುಗಳಿಗೆ ಅಂಕ ಬೇರೆ ಕೂಡಿಸುತ್ತಾರೆ. ಮಾಡಿದ ರೀತಿಗೆ 10ರಿಂದ ಶುರು, ತಪ್ಪು ಕಂಡ ಹಾಗೆ 0.1, 0.3, 0.5 ಅಂತ ಕಳೆಯುತ್ತಾರೆ. ಬಿದ್ದರೆ ಪೂರ್ತಿ 1. ಕಲೆಯೂ ಇದೇ ಲೆಕ್ಕ. ಇದ್ದರೆ ಅಂಕ ಉಳಿಯುತ್ತೆ ಅಷ್ಟೇ, ಬೆಳೆಯುವುದಿಲ್ಲ.

ವಿಡಿಯೊ ಇದ್ದರೆ ಒಂದು ಸಲ ಕೈ ನೋಡಬೇಡಿ, ಬರೀ ಮಂಡಿ ನೋಡಿ. ನನ್ನ ಅನುಮಾನ ಅರಮಂಡಿ ಮೇಲೆ. ನಾಟ್ಯದಲ್ಲಿ ಮಂಡಿ ಬಾಗಿರಬೇಕು, ಪಾದ ಪೂರ್ತಿ ನೆಲಕ್ಕೆ ತಟ್ಟಬೇಕು. ಇಲ್ಲಿ ಜಿಗಿದಾಗ ಮಂಡಿ ಕೋಲಿನ ಹಾಗೆ ನೆಟ್ಟಗೆ, ಕಾಲ್ಬೆರಳು ಚೂಪಾಗಿ. ಐದು ವರ್ಷದ ರೂಢಿಯನ್ನು ಕಾಲು ಅಷ್ಟು ಸುಲಭಕ್ಕೆ ಮರೆಯುತ್ತಾ? ಇನ್ನೊಂದು, ಪಲ್ಟಿಗೆ ಮುಂಚೆ ಮೂಲೆಯಲ್ಲಿ ಸುಮ್ನೆ ನಿಂತು ಉಸಿರು ಎಳೆದು ಓಡುತ್ತಾಳಾ? ಅಷ್ಟು ಹೊತ್ತು ವೀಣೆ ಪಾಡಿಗೆ ವೀಣೆ, ಮಗು ಪಾಡಿಗೆ ಮಗು. ಅಲ್ಲೂ ಕಡಿತ.

ಮಂಡ್ಯದ ಮಾವ:
ಅಕ್ಕ, ನಮ್ಮ ದೇಶದ ಜಿಮ್ನಾಸ್ಟ್ ದೀಪಾ ಕರ್ಮಾಕರ್ ನೆನಪಿದೆಯಾ? 2016, ರಿಯೊ ಒಲಿಂಪಿಕ್ಸ್, ವಾಲ್ಟ್ ಫೈನಲ್, ಓಡಿ ಬಂದು ಮೇಜಿಗೆ ಕೈಯೂರಿ ಹಾರೋದು. 15.066 ಬಂದು ನಾಲ್ಕನೇ ಸ್ಥಾನ. ಕಂಚು ಕೈತಪ್ಪಿದ್ದು 0.150ರಲ್ಲಿ. ಮಂಡಿ ಒಂಚೂರು ಬಾಗಿದರೆ ಹೋಗುವಷ್ಟು ಅಂಕ ಕಣಕ್ಕ! ಆದ್ರೆ ನಾಟ್ಯ ಬಿಡಿಸಬೇಡಿ. ನಮ್ಮಣ್ಣನ ಮಗಳು ಪಲ್ಟಿ ಚೆನ್ನಾಗಿ ಹೊಡೆಯುತ್ತಾಳೆ, ಕೈ ಮಾತ್ರ ಬಸ್ಸಿಗೆ ಅಡ್ಡ ಹಾಕಿದ ಹಾಗಿರುತ್ತೆ.

ಕುವೆಂಪುನಗರದ ಅಮ್ಮ:
ಸರ್, ಈಗಷ್ಟೇ ನೋಡಿದೆ. ಎರಡು ಜಿಗಿತದಲ್ಲಿ ಮಂಡಿ ಬಾಗಿದೆ. ಮೂಲೆಯಲ್ಲೂ ನಿಂತಿದ್ದಾಳೆ, ಕೂದಲು ಸರಿಯಿದ್ದರೂ ಸರಿಮಾಡಿಕೊಳ್ಳುತ್ತಾ. ಅವಳಿಗೇ ತೋರಿಸಿ ಅರಮಂಡಿ ವಿಷಯ ಹೇಳಿದೆ. "ಅರಮಂಡಿ ಅಲ್ಲಮ್ಮ, ಬೀಮ್‌ನಿಂದ ಬಿದ್ದು ಬಂದಿದ್ದೆನಲ್ಲ, ಕಾಲು ಇನ್ನೂ ನಡುಗುತ್ತಿತ್ತು" ಅಂದಳು.